ಡ್ಯೂಟಿಗೆ ಮುಂಚಿನ ದಾರಿ

ನಾನು ಬೆಳೆದದ್ದು ಹುಬ್ಬಳ್ಳಿಯ ರೈಲ್ವೆ ಕ್ವಾರ್ಟರ್ಸ್‌ನಲ್ಲಿ. ರಾತ್ರಿ ಎರಡಕ್ಕೋ ಮೂರಕ್ಕೋ ಬಾಗಿಲು ಬಡಿದರೆ ನಮ್ಮಲ್ಲಿ ಯಾರೂ ಗಾಬರಿ ಬೀಳುತ್ತಿರಲಿಲ್ಲ. ಅದು ಡ್ಯೂಟಿಗೆ ಕರೆಯಲು ಬರುವ ಕಾಲ್ ಬಾಯ್. ಸೈಕಲ್ಲನ್ನು ಬೇವಿನ ಮರಕ್ಕೆ ಒರಗಿಸಿ, ಕಾಲ್ ಬುಕ್ಕು ಚಾಚಿ ನಿಂತಿರುತ್ತಿದ್ದ. ಅಪ್ಪ ಕಣ್ಣುಜ್ಜಿಕೊಂಡು ಸಹಿ ಹಾಕುತ್ತಿದ್ದ. ಅವ್ವ ಎದ್ದು ನಾಲ್ಕು ರೊಟ್ಟಿ, ಶೇಂಗಾ ಚಟ್ನಿ ಕಟ್ಟುತ್ತಿದ್ದಳು. ಅಪ್ಪ ಲೋಕೋ ಪೈಲಟ್. ಶೆಡ್ಡು ಮನೆಯಿಂದ ಒಂದೂವರೆ ಕಿಲೋಮೀಟರ್. ಗಾಡಿ ಆ ತುದಿಯ ಊರು ಮುಟ್ಟಿದ ಮೇಲೆ ರನ್ನಿಂಗ್ ರೂಮ್ ಇರುತ್ತಿತ್ತು: ಮಂಚ, ಒಗೆದ ಚಾದರ, ನಾವು ಕೊಟ್ಟ ಅಕ್ಕಿ ಬೇಳೆ ಬೇಯಿಸಿ ಹಾಕುವ ಅಡಿಗೆಯವ. ಮನೆಗೆ ಬಂದ ಮೇಲೆ ಅಪ್ಪ ಹಗಲು ಹೊತ್ತು ಮಲಗಿದರೆ ನಾವು ಅಂಗಳದಲ್ಲೂ ದನಿ ಎತ್ತುವಂತಿರಲಿಲ್ಲ.

ನಾನೂ ಪೈಲಟ್ ಆದೆ, ವಿಮಾನದ್ದು. ನನ್ನ ಡ್ಯೂಟಿ ಶುರುವಾಗುವ ಜಾಗ ಮಾತ್ರ ನನ್ನ ಮನೆಯಿಂದ ಸುಮಾರು 700 ಕಿಲೋಮೀಟರ್ ದೂರ. ಆ 700 ಕಿಲೋಮೀಟರ್ ಯಾರ ಲೆಕ್ಕಕ್ಕೆ ಸೇರಬೇಕು ಎಂಬ ಒಂದು ಪ್ರಶ್ನೆಗಾಗಿ ನಾಲ್ಕು ವರ್ಷ ಮಾತುಕತೆಯ ಮೇಜಿನ ಮುಂದೆ ಕೂತೆ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ಮನೆ ಅಮೆರಿಕದ ಉತ್ತರ ಕ್ಯಾರೊಲಿನಾದಲ್ಲಿ, ರಾಲಿ ಪಕ್ಕದ ಕೇರಿ ಎಂಬ ಊರಲ್ಲಿ. (ವಿಳಾಸ ಹೇಳಿದಾಗ ಅವ್ವ "ಕೇರಿ ಅಂದ್ರ ಯಾವ ಕೇರಿ?" ಎಂದು ಕೇಳಿದ್ದಳು.) ಯಜಮಾನರ ಸಾಫ್ಟ್‌ವೇರ್ ಕೆಲಸ, ಮಗಳ ಶಾಲೆ ಎಲ್ಲ ಅಲ್ಲಿಯೇ. ಗ್ರೀನ್ ಕಾರ್ಡ್ ಬಂದ ಮೇಲೆ ನಾನು ಹಾರಾಟ ಕಲಿತೆ. ಏರ್‌ಲೈನ್ ಸೇರಲು ಬೇಕಾದ 1500 ಗಂಟೆಯ ಹಾರಾಟ ತುಂಬಿಸಲು ಎರಡು ವರ್ಷಕ್ಕೂ ಹೆಚ್ಚು ಕಾಲ ಬೇರೆಯವರಿಗೆ ಹಾರಾಟ ಕಲಿಸಿ, 2016ರಲ್ಲಿ ಒಂದು ರೀಜನಲ್ ಏರ್‌ಲೈನ್‌ಗೆ ಫಸ್ಟ್ ಆಫೀಸರ್, ಅಂದರೆ ಸಹ ಪೈಲಟ್, ಆಗಿ ಸೇರಿದೆ. ಕಂಪನಿಯ ಹೆಸರು ಇಲ್ಲಿ ಬೇಡ.

ರೀಜನಲ್ ಎಂದರೇನು ಎಂದು ಊರಿನವರಿಗೆ ಹೇಳುವಾಗಲೆಲ್ಲ ಸ್ವಲ್ಪ ಹೊತ್ತು ಬೇಕಾಗುತ್ತದೆ. ಟಿಕೆಟ್ಟಿನ ಮೇಲೆ, ವಿಮಾನದ ಮೈಮೇಲೆ ಡೆಲ್ಟಾ, ಅಮೆರಿಕನ್, ಯುನೈಟೆಡ್ ಎಂದೇ ಬರೆದಿರುತ್ತದೆ. ಅದರ ಪಕ್ಕದಲ್ಲಿ ಕನೆಕ್ಷನ್, ಈಗಲ್, ಎಕ್ಸ್‌ಪ್ರೆಸ್ ಎಂಬ ಪದ ಕಂಡರೆ ಹಾರಿಸುವವರು ಬೇರೆ ಕಂಪನಿಯವರು ಎಂದರ್ಥ. ವಿಮಾನ ಸಾಮಾನ್ಯವಾಗಿ 76 ಸೀಟಿನದು, ಇಲ್ಲವೇ 50ರದು. ಈ 76 ಎಂಬ ಅಂಕಿ ಕೂಡ ಒಂದು ಒಪ್ಪಂದದಿಂದ ಬಂದದ್ದು. ದೊಡ್ಡ ಕಂಪನಿಯ ಪೈಲಟ್‌ಗಳು ತಮ್ಮ ಕೆಲಸ ಹೊರಗುತ್ತಿಗೆಗೆ ಹೋಗಬಾರದೆಂದು ಹಾಕಿಸಿಕೊಂಡ ಮಿತಿ ಅದು. ಯಾವ ಊರಿಂದ ಯಾವ ಊರಿಗೆ ಹಾರಬೇಕು ಎಂದು ನಿರ್ಧರಿಸುವವರು ದೊಡ್ಡವರು. ಅವರು ಮಾರ್ಗ ಬದಲಿಸಿದರೆ ನಮ್ಮ ಬೇಸ್, ಅಂದರೆ ಡ್ಯೂಟಿ ಶುರುವಾಗುವ ಊರು, ಮುಚ್ಚುತ್ತದೆ, ಇನ್ನೆಲ್ಲೋ ತೆರೆಯುತ್ತದೆ. ನನ್ನ ಮೊದಲ ಬೇಸ್ ಹದಿನಾಲ್ಕು ತಿಂಗಳಿಗೆ ಮುಚ್ಚಿತು. ಎರಡನೆಯದು ನ್ಯೂಯಾರ್ಕಿನ ಲಗಾರ್ಡಿಯಾ. ಪ್ರತಿ ಸಲ ಗಂಡನ ಕೆಲಸ ಬಿಡಿಸಿ, ಮಗುವಿನ ಶಾಲೆ ಬಿಡಿಸಿ ಮನೆ ಕಿತ್ತುಕೊಂಡು ಹೋಗುವುದು ಯಾರಿಗೆ ಸಾಧ್ಯ? ಇನ್ನೊಂದು ಕಂಪನಿಗೆ ಹೋದರೆ ಸೀನಿಯಾರಿಟಿ ಪಟ್ಟಿಯಲ್ಲಿ ಕೊನೆಯ ಹೆಸರು ನಮ್ಮದಾಗುತ್ತದೆ, ಸಂಬಳವೂ ಮೊದಲನೇ ವರ್ಷದ್ದಕ್ಕೆ ಇಳಿಯುತ್ತದೆ. ಹಾಗಾಗಿ ನಮ್ಮಲ್ಲಿ ಬಹಳ ಜನ ಮನೆ ಇದ್ದಲ್ಲೇ ಇಟ್ಟುಕೊಂಡು, ಡ್ಯೂಟಿ ಹಿಡಿಯಲು ವಿಮಾನದಲ್ಲಿ ಬೇರೆ ಊರಿಗೆ ಹೋಗುತ್ತೇವೆ. ಅದಕ್ಕೆ ನಾವು ಕಮ್ಯೂಟ್ ಎನ್ನುತ್ತೇವೆ.

ಕಮ್ಯೂಟ್‌ಗೆ ಟಿಕೆಟ್ ಇಲ್ಲ. ಸೀಟು ಉಳಿದರೆ ಸ್ಟ್ಯಾಂಡ್‌ಬೈಯಲ್ಲಿ ಕೂರಬೇಕು. ಉಳಿಯದಿದ್ದರೆ ಕಾಕ್‌ಪಿಟ್ಟಿನಲ್ಲಿ ಇಬ್ಬರು ಪೈಲಟ್‌ಗಳ ಹಿಂದೆ ಮಡಚಿಡುವ ಜಂಪ್‌ಸೀಟ್ ಇರುತ್ತದೆ, ಸಣ್ಣ ಜೆಟ್‌ಗಳಲ್ಲಿ ಒಂದೇ ಒಂದು. ಕ್ಯಾಪ್ಟನ್‌ಗೆ ಕೈಮುಗಿದು ಕೇಳಬೇಕು. ವಿಮಾನ ಯಾವ ಕಂಪನಿಯದ್ದೋ ಅದರ ಪೈಲಟ್ ಒಬ್ಬ ಬಂದು ನಿಂತರೆ ಮೊದಲ ಹಕ್ಕು ಅವನದು.

2018ರ ಜನವರಿ. ಮಧ್ಯಾಹ್ನ 1.15ಕ್ಕೆ ಲಗಾರ್ಡಿಯಾದಲ್ಲಿ ನಾಲ್ಕು ದಿನದ ಟ್ರಿಪ್ ಶುರು. ನಾನು ಬೆಳಿಗ್ಗೆ ಆರರ ವಿಮಾನ ಹಿಡಿಯಲು ನಾಲ್ಕಕ್ಕೆ ಮನೆ ಬಿಟ್ಟಿದ್ದೆ. ರಾಲಿಯಲ್ಲಿ ಆ ದಿನ ಮಳೆಹನಿ ಬಿದ್ದಲ್ಲೇ ಗಾಜಾಗುತ್ತಿತ್ತು. ಆರರ ವಿಮಾನ ಎರಡು ಗಂಟೆ ಗೇಟಿನಲ್ಲೇ ನಿಂತು ರದ್ದಾಯಿತು. ಅದರ ಪ್ರಯಾಣಿಕರೆಲ್ಲ ಎಂಟೂವರೆಯ ವಿಮಾನಕ್ಕೆ ಸುರಿದುಕೊಂಡರು, ಒಂದು ಸೀಟೂ ಉಳಿಯಲಿಲ್ಲ. ಜಂಪ್‌ಸೀಟ್ ಕೇಳಲು ಹೋದಾಗ ಆ ಕಂಪನಿಯದೇ ಪೈಲಟ್ ಒಬ್ಬ ಹೆಸರು ಬರೆಸಿಬಿಟ್ಟಿದ್ದ. ಗೇಟ್ ಏಜೆಂಟ್ ಹೆಂಗಸು ನನ್ನ ಮುಖ ನೋಡಿ, "ಕ್ಷಮಿಸಮ್ಮ" ಎಂದು ಬಾಗಿಲು ಹಾಕಿದಳು. ಮುಂದಿನದು ಮುಟ್ಟುವುದು ಎರಡು ಗಂಟೆಗೆ.

ಯಾರು ಯಾವ ವಿಮಾನ ಹಾರಿಸಬೇಕೆಂದು ಗೊತ್ತು ಮಾಡುವ ಶೆಡ್ಯೂಲಿಂಗ್‌ಗೆ ಫೋನ್ ಮಾಡಲು ನನಗೆ ಧೈರ್ಯ ಬರಲಿಲ್ಲ. ಬೇರೆ ದಾರಿ ಸಿಗಬಹುದೇನೋ ಎಂದು ಶಾರ್ಲಟ್ ಮೂಲಕ, ವಾಷಿಂಗ್ಟನ್ ಮೂಲಕ ಎಂದು ಫೋನಿನಲ್ಲಿ ಹುಡುಕುತ್ತ ಹನ್ನೊಂದೂವರೆ ಮಾಡಿದೆ. ಕೊನೆಗೆ ಕರೆ ಮಾಡಿದಾಗ ಆ ಕಡೆಯವನು ಒಂದೇ ಮಾತು ಹೇಳಿದ: "ಮಿಸ್ಡ್ ಟ್ರಿಪ್ ಎಂದು ಬರೆದುಕೊಳ್ಳುತ್ತೇನೆ." ನಾಲ್ಕು ದಿನದ ಸಂಬಳ ಹೋಯಿತು. ಆಗ ಗಂಟೆಗೆ 40 ಡಾಲರಿನ ಆಚೀಚೆ ಇದ್ದವಳಿಗೆ ಅದು ಮನೆ ಸಾಲದ ಕಂತಿನ ಅರ್ಧ. ಅದಕ್ಕಿಂತ ಹೆಚ್ಚಾಗಿ, ವಾರದ ನಂತರ ಚೀಫ್ ಪೈಲಟ್ ಕೋಣೆಗೆ ಕರೆಸಿ ಕೈಗೆ ಎಚ್ಚರಿಕೆ ಪತ್ರ ಕೊಟ್ಟರು. ನನ್ನ ಫೈಲಿನಲ್ಲಿ ಅದರ ಪ್ರತಿ. ನಮ್ಮ ಒಪ್ಪಂದದಲ್ಲಿ ಕಮ್ಯೂಟಿಂಗ್ ಬಗ್ಗೆ ಇದ್ದದ್ದು ಒಂದೇ ವಾಕ್ಯ: ಕಂಪನಿ ಸಂದರ್ಭ ನೋಡಿ ಪರಿಗಣಿಸಬಹುದು.

ಆಮೇಲೆ ನಾನು ಹಿಂದಿನ ರಾತ್ರಿಯೇ ಹೋಗತೊಡಗಿದೆ. ನ್ಯೂಯಾರ್ಕಿನ ಕ್ವೀನ್ಸ್‌ನ ಕ್ಯೂ ಗಾರ್ಡನ್ಸ್‌ನಲ್ಲಿ ನಮ್ಮಂಥವರಿಗೆಂದೇ ಕ್ರ್ಯಾಶ್ ಪ್ಯಾಡ್‌ಗಳಿವೆ. ವಿಮಾನದ ಸಿಬ್ಬಂದಿ ಎಷ್ಟು ಮಂದಿ ಅಲ್ಲಿ ತಂಗುತ್ತಾರೆಂದರೆ ಆ ಬಡಾವಣೆಯನ್ನು ಕ್ರೂ ಗಾರ್ಡನ್ಸ್ ಎಂದೇ ಕರೆಯುತ್ತಾರೆ. ನನ್ನದು ಮೂರು ಕೋಣೆಯ ಮನೆ, ಹದಿನಾಲ್ಕು ಹಾಸಿಗೆ, ತಿಂಗಳಿಗೆ 280 ಡಾಲರ್. ಹಾಸಿಗೆ ನನ್ನದೇ ಅಲ್ಲ. ಯಾವುದು ಖಾಲಿಯೋ ಅದರ ಮೇಲೆ ನಮ್ಮ ಚಾದರ ಹಾಸಿಕೊಳ್ಳಬೇಕು. ಒಂದು ಮಾರ್ಚ್ ರಾತ್ರಿ ಹನ್ನೊಂದೂವರೆಗೆ ಹೋದರೆ ಹದಿನಾಲ್ಕೂ ತುಂಬಿದ್ದವು, ಸೋಫಾದ ಮೇಲೂ ಒಬ್ಬಳು. ಹೋಟೆಲ್ಲಿಗೆ 190 ಡಾಲರ್ ಕೊಡುವ ಸ್ಥಿತಿ ಇರಲಿಲ್ಲ. ಏರ್‌ಪೋರ್ಟಿಗೆ ವಾಪಸ್ ಹೋಗಿ ಕ್ರೂ ರೂಮಿನ ಒರಗು ಕುರ್ಚಿಯಲ್ಲಿ ಕೋಟು ಹೊದ್ದು ಮಲಗಿದೆ. ಮೂರು ಗಂಟೆಗೆ ನೆಲ ಉಜ್ಜುವ ಯಂತ್ರ ಬಂತು. ನಾಲ್ಕೂವರೆಗೆ ನಾನು ಬಾತ್‌ರೂಮಿನಲ್ಲಿ ಹಲ್ಲುಜ್ಜುತ್ತಿದ್ದೆ.

ಅಂದು ನಾಲ್ಕು ಹಾರಾಟ. ಮೂರನೆಯದು ಸಿರಾಕ್ಯೂಸ್ ಕಡೆಗೆ ಇಳಿಯುವಾಗ ಕಂಟ್ರೋಲರ್ ಹನ್ನೊಂದು ಸಾವಿರ ಅಡಿಗೆ ಇಳಿಯಿರಿ ಎಂದ. ರೇಡಿಯೋದಲ್ಲಿ ನಾನೇ ಹನ್ನೊಂದು ಸಾವಿರ ಎಂದು ತಿರುಗಿ ಹೇಳಿದೆ. ಕೈ ಮಾತ್ರ ಎತ್ತರ ಹೊಂದಿಸುವ ಗುಂಡಿ ತಿರುಗಿಸಿ ಹತ್ತು ಸಾವಿರಕ್ಕೆ ನಿಲ್ಲಿಸಿತು. ಕ್ಯಾಪ್ಟನ್ ಬೆರಳು ಚಾಚಿ ಆ ಅಂಕಿಯನ್ನು ಮುಟ್ಟಿ, ಏನೂ ಹೇಳದೆ ಒಂದು ಗೆರೆ ಮೇಲೆ ತಿರುಗಿಸಿದರು. ನಾನು ಆ ಅಂಕಿಯನ್ನು ನೋಡುತ್ತಲೇ ಇದ್ದೆ. ನೋಡಿದ್ದೆ, ಕಂಡಿರಲಿಲ್ಲ. ಇಳಿದು ಬ್ರೇಕ್ ಹಾಕಿದ ಮೇಲೆ ಅವರು ಮೆಲ್ಲಗೆ ಕೇಳಿದರು: "ರಾತ್ರಿ ಎಲ್ಲಿ ಮಲಗಿದ್ದೆ?"

ಸುಳ್ಳು ಹೇಳಬೇಕೆನಿಸಿತು. ಹೇಳಲಿಲ್ಲ.

ನಾಲ್ಕನೇ ಹಾರಾಟಕ್ಕೆ ನಾನು ದಣಿದಿದ್ದೇನೆ, ಹಾರಲಾರೆ ಎಂದು ತಿಳಿಸಿದೆ. ಕಾನೂನಿನಲ್ಲಿ ಅದಕ್ಕೆ ಅವಕಾಶವಿದೆ. ಅಷ್ಟೇ ಅಲ್ಲ, ಹಾಗೆ ತಿಳಿಸುವುದು ನಮ್ಮ ಕರ್ತವ್ಯ. ಎರಡು ವಾರದ ನಂತರ ಬಂದ ಉತ್ತರ: ದಣಿವು ಕಮ್ಯೂಟಿಂಗ್‌ಗೆ ಸಂಬಂಧಿಸಿದ್ದು, ಆದ್ದರಿಂದ ಆ ಹಾರಾಟದ ಸಂಬಳವಿಲ್ಲ.

2014ರ ಜನವರಿಯಿಂದ ಅಮೆರಿಕದಲ್ಲಿ ಜಾರಿಯಲ್ಲಿರುವ ನಿಯಮದ ಪ್ರಕಾರ ಪೈಲಟ್‌ಗೆ ಡ್ಯೂಟಿಗೆ ಮುಂಚೆ 10 ಗಂಟೆ ವಿಶ್ರಾಂತಿ ಸಿಗಬೇಕು, ಅದರಲ್ಲಿ 8 ಗಂಟೆ ಅಡ್ಡಿಯಿಲ್ಲದೆ ಮಲಗಲು ಅವಕಾಶವಿರಬೇಕು. ಒಳ್ಳೆಯ ನಿಯಮ. ಆದರೆ ಕಮ್ಯೂಟ್ ಡ್ಯೂಟಿಯಲ್ಲ. ಕಂಪನಿ ನನ್ನನ್ನು ಬಿಟ್ಟ ಗಳಿಗೆಯಿಂದ ಮತ್ತೆ ಹಾಜರಾಗುವ ಗಳಿಗೆಯವರೆಗೆ ಕಾಗದದ ಮೇಲೆ ನಾನು ವಿಶ್ರಾಂತಿಯಲ್ಲಿರುತ್ತೇನೆ. ರಾಲಿಯ ಗೇಟಿನಲ್ಲಿ ನಿಂತಾಗಲೂ, ಜಂಪ್‌ಸೀಟಿನಲ್ಲಿ ಕಾಲು ಮಡಚಿ ಕೂತಾಗಲೂ, ನೆಲ ಉಜ್ಜುವ ಯಂತ್ರದ ಸದ್ದಿಗೆ ಎದ್ದಾಗಲೂ.

ಈ ನಿಯಮ ಬಂದ ಕಥೆ ನಮ್ಮ ವೃತ್ತಿಯಲ್ಲಿ ಎಲ್ಲರಿಗೂ ಗೊತ್ತು. 2009ರ ಫೆಬ್ರವರಿ 12ರ ರಾತ್ರಿ ನ್ಯೂವಾರ್ಕಿನಿಂದ ಬಫಲೋಗೆ ಹೊರಟಿದ್ದ ಕೋಲ್ಗನ್ ಏರ್‌ನ 3407ನೇ ವಿಮಾನ ಇಳಿಯುವ ಮೊದಲೇ ಮನೆಯೊಂದರ ಮೇಲೆ ಬಿತ್ತು. ವಿಮಾನದಲ್ಲಿದ್ದ 49 ಜನ, ಮನೆಯಲ್ಲಿದ್ದ ಒಬ್ಬರು ತೀರಿಕೊಂಡರು. ಟಿಕೆಟ್ಟಿನ ಮೇಲಿದ್ದದ್ದು ಕಾಂಟಿನೆಂಟಲ್ ಹೆಸರು. ವೇಗ ಕುಸಿದು ಎಚ್ಚರಿಕೆ ಬಂದಾಗ ಕ್ಯಾಪ್ಟನ್ ತಪ್ಪಾಗಿ ಪ್ರತಿಕ್ರಿಯಿಸಿದ್ದು ಕಾರಣ ಎಂದು ತನಿಖೆ ಹೇಳಿತು. ದಣಿವು ಇದ್ದಿರಬಹುದು, ಅದರ ಪಾಲು ಎಷ್ಟೆಂದು ಖಚಿತವಾಗಿ ಹೇಳಲಾಗದು ಎಂದೂ ಹೇಳಿತು. ಫಸ್ಟ್ ಆಫೀಸರ್ ಹಿಂದಿನ ರಾತ್ರಿ ಸಿಯಾಟಲ್‌ನಿಂದ ಮೆಂಫಿಸ್ ಮೂಲಕ ಸರಕು ವಿಮಾನಗಳಲ್ಲಿ ಬಂದಿದ್ದಳು. ಕ್ಯಾಪ್ಟನ್ ಮನೆ ಟ್ಯಾಂಪಾ ಬಳಿ. ಆಗ ಆ ಕಂಪನಿಯ ನ್ಯೂವಾರ್ಕ್ ಬೇಸಿನಲ್ಲಿದ್ದ 137 ಪೈಲಟ್‌ಗಳಲ್ಲಿ 93 ಜನ ಕಮ್ಯೂಟ್ ಮಾಡುವವರೆಂದು ತನಿಖೆಯ ವರದಿಯಲ್ಲೇ ಇದೆ. ತೀರಿಕೊಂಡವರ ಮನೆಯವರು ವಾಷಿಂಗ್ಟನ್ನಿಗೆ ಮತ್ತೆ ಮತ್ತೆ ಹೋಗಿ, ಫೋಟೋ ಹಿಡಿದು ಕೂತು 2010ರಲ್ಲಿ ಕಾನೂನು ಮಾಡಿಸಿದರು. 1500 ಗಂಟೆಯ ಷರತ್ತು ಅದರಿಂದ ಬಂತು, ವಿಶ್ರಾಂತಿಯ ನಿಯಮವೂ. ಕಮ್ಯೂಟಿಂಗ್ ಬಗ್ಗೆ ಮಾತ್ರ ಅಧ್ಯಯನ ಮಾಡಿ ಎಂದಿತು. 2011ರಲ್ಲಿ ತಜ್ಞರ ವರದಿ ಬಂತು: ನಿಯಮ ಮಾಡುವಷ್ಟು ಮಾಹಿತಿ ಇಲ್ಲ. ಅಲ್ಲಿಗೆ ಆ 700 ಕಿಲೋಮೀಟರ್ ಸರ್ಕಾರದ ಕೈಯಿಂದ ಜಾರಿ, ಪೈಲಟ್ ಮತ್ತು ಕಂಪನಿಯ ನಡುವಿನ ಒಪ್ಪಂದದ ಮೇಜಿಗೆ ಬಂತು.

ಆ ಫಸ್ಟ್ ಆಫೀಸರ್‌ಗೆ 24 ವರ್ಷ. ವಿಮಾನ ಹತ್ತುವ ಮುಂಚೆ ಆಕೆಯೂ ಕ್ರೂ ರೂಮಿನಲ್ಲೇ ಮಲಗಿದ್ದಳು. ನಾನು ಇದನ್ನು ಓದಿದ್ದು ಸಿರಾಕ್ಯೂಸ್ ಘಟನೆಯ ನಂತರ, ವರದಿಯನ್ನು ಮೊದಲಿನಿಂದ ಕೊನೆಯವರೆಗೆ. ಓದಿ ಮುಗಿಸಿದ ದಿನವೇ ಯೂನಿಯನ್ ಕಚೇರಿಗೆ ಬರೆದೆ: ಮುಂದಿನ ಒಪ್ಪಂದಕ್ಕೆ ಕೆಲಸ ಮಾಡಲು ನನ್ನನ್ನು ಸೇರಿಸಿಕೊಳ್ಳಿ.

2019ರಲ್ಲಿ ಮೊದಲು ಕೊಟ್ಟ ಕೆಲಸ ಸಮೀಕ್ಷೆ. ಕಮ್ಯೂಟ್ ಮಾಡುವವರಿಗೆಲ್ಲ ಪ್ರಶ್ನೆ ಕಳಿಸಿದೆವು, ನೂರಾರು ಉತ್ತರ ಬಂದವು. ಅವನ್ನು ಓದುತ್ತ ಹೋದಾಗ ಒಂದು ವಿಷಯ ಮೇಲೆದ್ದು ಬಂತು. ವಿಮಾನ ತಪ್ಪಿದೆ ಎಂದು ಗೊತ್ತಾದ ಮೇಲೂ ಹೆಚ್ಚಿನವರು ಶೆಡ್ಯೂಲಿಂಗ್‌ಗೆ ಕೂಡಲೇ ತಿಳಿಸುತ್ತಿರಲಿಲ್ಲ. ಗಂಟೆಗಟ್ಟಲೆ ಕಾಯುತ್ತಿದ್ದರು, ನಾನು ಕಾದ ಹಾಗೆಯೇ. ಪತ್ರದ ಹೆದರಿಕೆ. ಕೆಲವರು ಹೊಟ್ಟೆನೋವು ಎಂದು ಸಿಕ್ ಹಾಕುತ್ತಿದ್ದರು. ಇದನ್ನು ನಾನು ನನ್ನ ಟಿಪ್ಪಣಿ ಪುಸ್ತಕದ ಮೊದಲ ಪುಟದಲ್ಲಿ ಬರೆದಿಟ್ಟುಕೊಂಡೆ. ನಾಲ್ಕು ವರ್ಷದ ಮೇಲೆ ನಮಗೆ ಕೈಹಿಡಿದದ್ದು ಅದೇ ಪುಟ.

ಅಮೆರಿಕದಲ್ಲಿ ವಿಮಾನದವರ ಮಾತುಕತೆ ನಡೆಯುವುದು ರೈಲ್ವೆ ಕಾನೂನಿನಡಿ. ಇದನ್ನು ಅಪ್ಪನಿಗೆ ಹೇಳಿದಾಗ ಖುಷಿಯಿಂದ ಎದ್ದು ಕೂತಿದ್ದ. 1926ರ ರೈಲ್ವೆ ಲೇಬರ್ ಆಕ್ಟ್, 1936ರಲ್ಲಿ ವಿಮಾನ ಕಂಪನಿಗಳಿಗೂ ಅನ್ವಯವಾಯಿತು. ಅದರ ಪ್ರಕಾರ ಒಪ್ಪಂದಕ್ಕೆ ಮುಕ್ತಾಯ ಎಂಬುದಿಲ್ಲ. ಒಂದು ದಿನಾಂಕ ಬರುತ್ತದೆ, ಅಂದಿನಿಂದ ತಿದ್ದುಪಡಿ ಕೇಳಬಹುದು. ಹೊಸದು ಆಗುವವರೆಗೆ ಹಳೆಯದೇ ನಡೆಯುತ್ತದೆ, ಎಷ್ಟು ವರ್ಷವಾದರೂ. ಹೊಂದಾಣಿಕೆ ಆಗದಿದ್ದರೆ ಸರ್ಕಾರದ ಮಧ್ಯಸ್ಥಿಕೆ ಮಂಡಳಿ ಒಬ್ಬ ಮಧ್ಯಸ್ಥನನ್ನು ಕಳಿಸುತ್ತದೆ. ಆ ಮಂಡಳಿ ಇನ್ನು ಸಾಕು ಎಂದು ಬಿಡುಗಡೆ ಮಾಡಿದ ಮೇಲೆ 30 ದಿನ ಕಾದು, ಆಮೇಲೆಯೇ ಮುಷ್ಕರ. ಹಾಗೆ ಅಲ್ಲಿಯವರೆಗೂ ಹೋದ ರೀಜನಲ್‌ಗಳಲ್ಲಿ ಎಲ್ಲರೂ ನೆನೆಯುವುದು 2001ರ ಕೋಮೇರ್. ಆ ಪೈಲಟ್‌ಗಳು 89 ದಿನ ಹೊರಗಿದ್ದರು.

ಅಪ್ಪ ಕೆಲಸಕ್ಕೆ ಸೇರುವ ಹೊತ್ತಿಗೆ 1974ರ ಮೇ ತಿಂಗಳ ರೈಲ್ವೆ ಮುಷ್ಕರ ಮುಗಿದಿತ್ತು, ಆದರೆ ಶೆಡ್ಡಿನ ಹಿರಿಯರು ಬೇರೆ ಮಾತೇ ಆಡುತ್ತಿರಲಿಲ್ಲವಂತೆ. ಮಂಗಳೂರಿನ ಜಾರ್ಜ್ ಫರ್ನಾಂಡಿಸ್ ಮುಂದಾಳಾಗಿದ್ದ ಮುಷ್ಕರ ಅದು. ಅದಕ್ಕೂ ಮುಂಚಿನಿಂದ ಎಂಜಿನ್ ಮೇಲಿನವರ ಬೇಡಿಕೆ ಹತ್ತು ಗಂಟೆಯ ಡ್ಯೂಟಿ. "ಸಂಬಳಾ ಹೆಚ್ಚ ಮಾಡ್ರಿ ಅಂದ್ರ ಕೊಡತಾರ ಬಾಯಿ, ತಡಾ ಆದ್ರೂ ಕೊಡತಾರ. ತಾಸು ಕಡಿಮಿ ಮಾಡ್ರಿ ಅಂದ್ರ ಮಾತ್ರ ಹತ್ತಸಾರಿ ವಿಚಾರ ಮಾಡತಾರ" ಎಂದ ಅಪ್ಪ. ನಮ್ಮ ವಿಷಯದಲ್ಲೂ ಅಕ್ಷರಶಃ ಹಾಗೆಯೇ ಆಯಿತು.

ಮಾತುಕತೆ ಶುರುವಾದ ಐದು ತಿಂಗಳಿಗೆ ಕೋವಿಡ್. 76 ಸೀಟಿನಲ್ಲಿ ಮೂರು ಜನರನ್ನು ಕೂರಿಸಿಕೊಂಡು ಹಾರಿದ್ದೇನೆ. 2020ರಲ್ಲಿ ಟ್ರಾನ್ಸ್ ಸ್ಟೇಟ್ಸ್, ಕಂಪಾಸ್, ಎಕ್ಸ್‌ಪ್ರೆಸ್‌ಜೆಟ್ ಎಂಬ ಮೂರು ರೀಜನಲ್‌ಗಳು ಹಾರಾಟ ನಿಲ್ಲಿಸಿದವು. ಮಾತುಕತೆ ಎಂಬ ಪದವನ್ನೇ ಯಾರೂ ಎತ್ತಲಿಲ್ಲ. 2021ರ ಬೇಸಿಗೆಯಲ್ಲಿ ಮತ್ತೆ ಕೂತಾಗ ಲೋಕ ಬದಲಾಗಿತ್ತು. ದೊಡ್ಡ ಕಂಪನಿಗಳು ನಮ್ಮ ಕ್ಯಾಪ್ಟನ್‌ಗಳನ್ನು ಸೆಳೆದುಕೊಳ್ಳುತ್ತಿದ್ದವು, ವಿಮಾನಗಳು ಪೈಲಟ್ ಇಲ್ಲದೆ ನಿಂತಿದ್ದವು. 2022ರ ಜೂನ್‌ನಲ್ಲಿ ಅಮೆರಿಕನ್ ಒಡೆತನದ ರೀಜನಲ್‌ಗಳು ಹೊಸ ಫಸ್ಟ್ ಆಫೀಸರ್‌ಗೆ ಗಂಟೆಗೆ 90 ಡಾಲರ್ ಎಂದು ಘೋಷಿಸಿದವು. ನಾನು ಸೇರಿದಾಗಿನ ಎರಡು ಪಟ್ಟಿಗೂ ಹೆಚ್ಚು. ನಮ್ಮ ಕಂಪನಿಯೂ ಬೆನ್ನಿಗೇ ಏರಿಸಿತು. ಸಂಬಳದ ಅಧ್ಯಾಯ ಆರು ವಾರದಲ್ಲಿ ಮುಗಿಯಿತು. ಕಮ್ಯೂಟಿಂಗ್ ಅಧ್ಯಾಯ ಇನ್ನೂ ಒಂದು ವರ್ಷ ತೆಗೆದುಕೊಂಡಿತು.

ಮೇಜು ಇರುತ್ತಿದ್ದದ್ದು ಯಾವುದೋ ಏರ್‌ಪೋರ್ಟ್ ಹೋಟೆಲ್ಲಿನ ಸಭಾಕೋಣೆಯಲ್ಲಿ. ನಮ್ಮ ಕಡೆ ಮೂವರು ಪೈಲಟ್‌ಗಳು, ಯೂನಿಯನ್ನಿನ ಒಬ್ಬ ವಕೀಲೆ, ಲೆಕ್ಕ ನೋಡುವ ಒಬ್ಬರು. ಆ ಕಡೆ ಕಂಪನಿಯ ಕಾರ್ಮಿಕ ವಿಭಾಗದವರು, ಹೊರಗಿನ ವಕೀಲರು, ಚೀಫ್ ಪೈಲಟ್, ಮತ್ತು ಸಿಬ್ಬಂದಿ ಯೋಜನೆಯ ಮ್ಯಾನೇಜರ್ ಒಬ್ಬಾಕೆ. ಪ್ರಸ್ತಾವದ ಹಾಳೆ ಆ ಕಡೆಗೆ ತಳ್ಳುತ್ತೇವೆ. ಅವರು ಬೇರೆ ಕೋಣೆಗೆ ಎದ್ದು ಹೋಗುತ್ತಾರೆ. ಮೂರು ತಾಸಿನ ಮೇಲೆ ಅದೇ ಹಾಳೆ ವಾಪಸ್ ಬರುತ್ತದೆ, ಎರಡು ಪದ ಹೊಡೆದು ಹಾಕಿ, ಒಂದು ಪದ ಸೇರಿಸಿ. ನಮ್ಮ ಸರ್ಕಾರಿ ಆದೇಶಗಳಲ್ಲಿ "ಮಾಡತಕ್ಕದ್ದು" ಎಂದು ಇರುತ್ತದಲ್ಲ, ಆ "ತಕ್ಕದ್ದು" ಎಂಬುದರ ತೂಕ ನನಗೆ ಅಲ್ಲಿ ತಿಳಿಯಿತು. "ಮಾಡಬಹುದು" ಎಂಬುದನ್ನು "ಮಾಡತಕ್ಕದ್ದು" ಮಾಡಿಸಲು ಒಂದಿಡೀ ಅಕ್ಟೋಬರ್ ಹೋಯಿತು.

ನಾವು ಕೇಳಿದ್ದು ಇಷ್ಟು. ಡ್ಯೂಟಿಯ ಹೊತ್ತಿಗೆ ಮುಂಚೆ ಮುಟ್ಟುವ ಎರಡು ವಿಮಾನಗಳಿಗೆ ಪೈಲಟ್ ಹೆಸರು ಹಾಕಿ, ಎರಡರಲ್ಲೂ ಜಾಗ ಸಿಗುವ ಲಕ್ಷಣ ಇದ್ದು, ಎರಡೂ ಕೈಕೊಟ್ಟರೆ ಅದು ಅಪರಾಧವಲ್ಲ. ಪತ್ರ ಕೊಡಬಾರದು. ಟ್ರಿಪ್ಪಿನ ಉಳಿದ ಭಾಗಕ್ಕೆ ಮುಂದಿನ ಊರಲ್ಲಿ ಸೇರಿಕೊಳ್ಳಲು ಖಾತ್ರಿ ಸೀಟು ಕೊಡಬೇಕು. ಬೆಳಗಿನ ಜಾವದ ಡ್ಯೂಟಿಗೆ ಹಿಂದಿನ ರಾತ್ರಿ ಬರುವವರಿಗೆ ತಿಂಗಳಿಗೆ ನಾಲ್ಕು ರಾತ್ರಿ ಹೋಟೆಲ್ ಕೊಡಬೇಕು.

"ಜಾಗ ಸಿಗುವ ಲಕ್ಷಣ" ಎಂದರೆ ಯಾವ ಹೊತ್ತಿನ ಲಕ್ಷಣ? ಹಿಂದಿನ ದಿನದ್ದೋ, ಹೊರಡುವ ಮುಂಚಿನದ್ದೋ? ಜಂಪ್‌ಸೀಟ್ ಸೀಟೋ ಅಲ್ಲವೋ? ಸೀಟಿನ ಪಟ್ಟಿಯ ಫೋಟೋ ತೆಗೆದಿಟ್ಟರೆ ಸಾಕ್ಷಿಯೋ? ಇಂಥದಕ್ಕೆ ವಾರಗಳು ಹೋದವು. ಹೊರಗಿನವರಿಗೆ ಕೂದಲು ಸೀಳುವ ಕೆಲಸದಂತೆ ಕಾಣಬಹುದು. ರಾಲಿಯ ಗೇಟಿನಲ್ಲಿ ನಿಂತವಳಿಗೆ ಆ ಒಂದು ಕೂದಲೇ ಎಲ್ಲ.

ಕಂಪನಿಯವರ ವಾದವನ್ನೂ ನ್ಯಾಯವಾಗಿ ಹೇಳಬೇಕು. ಮನೆ ಎಲ್ಲಿರಬೇಕೆಂದು ಆರಿಸಿಕೊಂಡವರು ನೀವು, ಅದರ ಭಾರ ಪ್ರಯಾಣಿಕರ ಮೇಲೆ ಯಾಕೆ ಬೀಳಬೇಕು ಎಂದರು. ಒಂದು ದಿನ ಆ ಸಿಬ್ಬಂದಿ ಯೋಜನೆಯ ಮ್ಯಾನೇಜರ್ ಹಾಳೆಯೊಂದನ್ನು ನನ್ನ ಮುಂದೆ ಇಟ್ಟಳು. ಒಂದು ಬೆಳಗಿನ ರಿಸರ್ವ್ ಪಟ್ಟಿ, ಅಂದರೆ ಯಾರಾದರೂ ತಪ್ಪಿಸಿಕೊಂಡರೆ ಕರೆಯಲು ಕಾದಿರಿಸಿದ ಪೈಲಟ್‌ಗಳದ್ದು. ಇಡೀ ಬೇಸ್‌ಗೆ ಮೂರೇ ಹೆಸರು. "ಇವರಲ್ಲಿ ಯಾರನ್ನು ಕರೆದರೂ ಬಂದು ಮುಟ್ಟಲು ಎರಡು ಗಂಟೆ ಬೇಕು. ನಿಮ್ಮವರು ನನಗೆ ಫೋನ್ ಮಾಡುವುದು ಅರ್ಧ ಗಂಟೆ ಉಳಿದಿರುವಾಗ. ನಾನು ಏನು ಮಾಡಲಿ?" ಇಪ್ಪತ್ತು ವರ್ಷ ಆ ಫೋನಿನ ಮುಂದೆ ಕೂತವಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಸುಸ್ತಿತ್ತು. ನನ್ನ ದಣಿವಿನ ಹಾಗೆಯೇ ಅವಳದೂ ಕಂಡಿತು.

ನಾನು ಪುಸ್ತಕ ತೆರೆದು ಆ ಮೊದಲ ಪುಟ ಓದಿದೆ. ಯಾರು, ಎಷ್ಟು ಹೊತ್ತು, ಯಾಕೆ ಕಾದರು ಎಂದು ಹೆಸರಿಲ್ಲದೆ ಹದಿನೈದು ಉತ್ತರ. ಹನ್ನೊಂದೂವರೆಯವರೆಗೆ ಕಾದ ನನ್ನದೂ ಹೇಳಿದೆ. "ಆ ದಿನ ಪತ್ರದ ಹೆದರಿಕೆ ಇಲ್ಲದಿದ್ದರೆ ನಾನು ನಿಮಗೆ ಎಂಟೂವರೆಗೇ ಫೋನ್ ಮಾಡುತ್ತಿದ್ದೆ. ನಿಮಗೆ ನಾಲ್ಕೂಮುಕ್ಕಾಲು ಗಂಟೆ ಸಿಗುತ್ತಿತ್ತು" ಎಂದೆ. ಆಕೆ ತನ್ನ ಕಡೆಯವರನ್ನು ನೋಡಿದಳು. ವಕೀಲರು ವಿರಾಮ ಕೇಳಿದರು. ಅಂದು ಸಂಜೆ ವಾಪಸ್ ಬಂದ ಹಾಳೆಯಲ್ಲಿ ಮೊದಲ ಬಾರಿಗೆ ಎರಡು ವಿಮಾನದ ಮಾತು ಅವರ ಕೈಬರಹದಲ್ಲಿತ್ತು. ಜೊತೆಗೆ ಒಂದು ಷರತ್ತು: ಮೊದಲ ವಿಮಾನ ತಪ್ಪಿದ ಕೂಡಲೇ, ಎರಡನೆಯದಕ್ಕೆ ಕಾಯುತ್ತಿರುವಾಗಲೇ, ಶೆಡ್ಯೂಲಿಂಗ್‌ಗೆ ತಿಳಿಸತಕ್ಕದ್ದು. ನಮಗೆ ಅದಕ್ಕಿಂತ ಒಳ್ಳೆಯ ಷರತ್ತು ಬೇಕಿರಲಿಲ್ಲ.

ಅಲ್ಲಿಂದ ಎಲ್ಲ ಸಲೀಸಾಗಿ ಹರಿಯಲಿಲ್ಲ. ಹೋಟೆಲ್ ವಿಷಯಕ್ಕೆ ಮಾತುಕತೆ ಮುರಿದು ಮಧ್ಯಸ್ಥನನ್ನು ಕರೆಸಬೇಕಾಯಿತು. ಅವನು ತಿಂಗಳಿಗೆ ಎರಡು ದಿನ ಮಾತ್ರ ಸಭೆ ಇಡುತ್ತಿದ್ದ. ಎರಡು ಕಡೆಯವರನ್ನೂ ಬೇರೆ ಬೇರೆ ಕೋಣೆಯಲ್ಲಿ ಕೂರಿಸಿ ತಾನೇ ಓಡಾಡುತ್ತಿದ್ದ. ನಡುವೆ ನಾವು ಯೂನಿಫಾರ್ಮ್ ಹಾಕಿ ಟರ್ಮಿನಲ್ ಮುಂದೆ ಫಲಕ ಹಿಡಿದು ನಿಂತೆವು. ಮುಷ್ಕರಕ್ಕೆ ಒಪ್ಪಿಗೆ ಕೇಳಿದಾಗ ಬಹುತೇಕ ಎಲ್ಲರೂ ಹೌದೆಂದರು, ಆದರೆ ಅಲ್ಲಿಯವರೆಗೆ ಹೋಗುವ ಪ್ರಸಂಗ ಬರಲಿಲ್ಲ. ಆ ತಿಂಗಳುಗಳಲ್ಲಿ ಮಗಳ ಎರಡು ಹುಟ್ಟುಹಬ್ಬ ತಪ್ಪಿದವು. ಇದು ಇನ್ನೂ ನೋಯುತ್ತದೆ.

2023ರ ಬೇಸಿಗೆಯಲ್ಲಿ ಒಪ್ಪಂದದ ಕರಡು ಸಿದ್ಧವಾಯಿತು. ಎರಡು ವಿಮಾನದ ನಿಯಮ ಸಿಕ್ಕಿತು, ವರ್ಷಕ್ಕೆ ನಾಲ್ಕು ಸಲ. ಜಂಪ್‌ಸೀಟ್ ಲೆಕ್ಕಕ್ಕೆ ಸೇರಿತು. ಸೇರಿಕೊಳ್ಳಲು ಖಾತ್ರಿ ಸೀಟು ಸಿಕ್ಕಿತು. ತಪ್ಪಿದ ಭಾಗಕ್ಕೆ ಸಂಬಳ ಸಿಗಲಿಲ್ಲ. ಹೋಟೆಲ್ ನಾಲ್ಕು ರಾತ್ರಿ ಕೇಳಿದ್ದು ಎರಡಾಯಿತು, ಅದೂ ತಿಂಗಳ ವೇಳಾಪಟ್ಟಿ ಗಟ್ಟಿಯಾಗಿ ಸಿಕ್ಕವರಿಗೆ ಮಾತ್ರ. ರಿಸರ್ವ್‌ನಲ್ಲಿರುವವರಿಗೆ, ಅಂದರೆ ಎರಡು ಗಂಟೆಯ ಕರೆಗೆ ಕಾಯುತ್ತ ಬೇಸಿನಲ್ಲೇ ಇರಬೇಕಾದ ಹೊಸಬರಿಗೆ, ಹೋಟೆಲ್ ಸಿಗಲಿಲ್ಲ. ಹನ್ನೆರಡು ಗಂಟೆ ಮುಂಚೆ ಕರೆಯುವ ರಿಸರ್ವ್ ಸಾಲುಗಳನ್ನು ಸ್ವಲ್ಪ ಹೆಚ್ಚಿಸಿ ಅಲ್ಲಿಗೆ ನಿಲ್ಲಿಸಿದರು. ಕೊನೆಯ ರಾತ್ರಿ ಹನ್ನೊಂದಕ್ಕೆ ಇದನ್ನು ಬಿಟ್ಟುಕೊಡಲು ಮೂವರಲ್ಲಿ ಕೈ ಎತ್ತಿದ ಇಬ್ಬರಲ್ಲಿ ನಾನೂ ಒಬ್ಬಳು. ಬಿಡದಿದ್ದರೆ ಎರಡು ವಿಮಾನದ ನಿಯಮವೂ ಮೇಜಿನಿಂದ ಹೋಗುತ್ತಿತ್ತು ಎಂದು ಆಗ ನಂಬಿದ್ದೆ, ಈಗಲೂ ನಂಬುತ್ತೇನೆ.

ಬೇಸಿನಿಂದ ಬೇಸಿಗೆ ಹೋಗಿ ಕರಡನ್ನು ಪೈಲಟ್‌ಗಳ ಮುಂದೆ ವಿವರಿಸಿದೆವು. ಲಗಾರ್ಡಿಯಾದ ಸಭೆಯಲ್ಲಿ ಹಿಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು, "ಅಂದರೆ ಸೀನಿಯರ್‌ಗಳಿಗೆ ಹಾಸಿಗೆ, ನಮಗೆ ಕುರ್ಚಿ. ಅಷ್ಟೇ ತಾನೆ?" ಎಂದಳು. ಆ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಅಷ್ಟೇ ಎಂದೆ, ಯಾಕೆ ಎಂಬುದನ್ನೂ ಮುಚ್ಚಿಡದೆ ಹೇಳಿದೆ. ಮತದಾನದಲ್ಲಿ ಮೂರನೇ ಎರಡು ಪಾಲಿಗಿಂತ ಸ್ವಲ್ಪ ಹೆಚ್ಚು ಜನ ಒಪ್ಪಿದರು. ಅವಳು ಯಾವ ಕಡೆ ಹಾಕಿದಳೋ ಕೇಳಲಿಲ್ಲ.

ಹೊಸ ನಿಯಮವನ್ನು ನಾನೇ ಬಳಸಿದ್ದು 2024ರ ಫೆಬ್ರವರಿಯಲ್ಲಿ. ಅಷ್ಟರಲ್ಲಿ ಕ್ಯಾಪ್ಟನ್ ಆಗಿದ್ದೆ. ನ್ಯೂಯಾರ್ಕಿನಲ್ಲಿ ಹಿಮ, ಮೊದಲ ವಿಮಾನ ರದ್ದು. ಬೆಳಿಗ್ಗೆ 6.20ಕ್ಕೆ ಶೆಡ್ಯೂಲಿಂಗ್‌ಗೆ ಫೋನ್ ಮಾಡಿದೆ. ಎರಡನೆಯದೂ ತಪ್ಪಿದಾಗ ಮತ್ತೆ ಮಾಡಿದೆ. ಫೋನಿನ ಹುಡುಗ ಅಷ್ಟರಲ್ಲೇ ರಿಸರ್ವ್ ಕ್ಯಾಪ್ಟನ್ ಒಬ್ಬರನ್ನು ಕರೆದಿದ್ದ. "ನಾಳೆ ಮಧ್ಯಾಹ್ನ ಪಿಟ್ಸ್‌ಬರ್ಗ್‌ನಲ್ಲಿ ಟ್ರಿಪ್ ಸೇರಿಕೊಳ್ಳಿ, ಸೀಟು ಹಾಕಿದ್ದೇನೆ" ಎಂದ. ಮನೆಗೆ ಹೋಗಿ ಪರದೆ ಎಳೆದು ಮಲಗಿದೆ. ಹುಬ್ಬಳ್ಳಿಯಿಂದ ಬಂದಿದ್ದ ಅವ್ವ ಮೊಮ್ಮಗಳಿಗೆ ಪಿಸುದನಿಯಲ್ಲಿ ಹೇಳುತ್ತಿದ್ದದ್ದು ಅರೆನಿದ್ದೆಯಲ್ಲಿ ಕೇಳಿಸಿತು: "ಗದ್ಲಾ ಮಾಡಬ್ಯಾಡವಾ, ನಿಮ್ಮವ್ವ ಡೂಟಿ ಮ್ಯಾಲಿಂದ ಬಂದಾಳ, ಮಕ್ಕೊಂಡಾಳ."

ನಮ್ಮ ಒಪ್ಪಂದ ಮತ್ತೆ ತೆರೆಯುವುದು 2028ರಲ್ಲಿ. ಯೂನಿಯನ್ನಿನಲ್ಲಿ ಕಮ್ಯೂಟಿಂಗ್ ದೂರುಗಳ ಫೋನ್ ಈಗ ನನ್ನ ಹತ್ತಿರವಿದೆ. ಹೋದ ಚಳಿಗಾಲದ ಒಂದು ರಾತ್ರಿ ಒಂದೂವರೆಗೆ ಅದು ಬಡಿದುಕೊಂಡಿತು. ಸೇರಿ ನಾಲ್ಕು ತಿಂಗಳಾದ ಹುಡುಗ, ರಿಸರ್ವ್. ಕ್ರ್ಯಾಶ್ ಪ್ಯಾಡ್ ತುಂಬಿದೆ, ಕ್ರೂ ರೂಮಿನಲ್ಲಿದ್ದೇನೆ, ಐದಕ್ಕೆ ಕರೆದರೆ ಹೋಗಲೋ ಬೇಡವೋ ಎಂದ. ನಿದ್ದೆ ಆಗದಿದ್ದರೆ ಆಗಿಲ್ಲವೆಂದೇ ಹೇಳು, ಹಾರಬೇಡ, ಪತ್ರ ಬಂದರೆ ನಾನು ನಿನ್ನ ಜೊತೆ ಚೀಫ್ ಪೈಲಟ್ ಕೋಣೆಗೆ ಬರುತ್ತೇನೆ ಎಂದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. ಹಿಂದೆ ನೆಲ ಉಜ್ಜುವ ಯಂತ್ರದ ಸದ್ದು ಕೇಳುತ್ತಿತ್ತು. ಫೋನ್ ಇಟ್ಟ ಮೇಲೆ ಹೊಸ ಪುಸ್ತಕ ತೆಗೆದು ಮೊದಲ ಪುಟದಲ್ಲಿ ದಿನಾಂಕ, ಹೊತ್ತು, ಅವನು ಹೇಳಿದ ಮಾತು ಬರೆದೆ.